ಅರ್ಧ ಇಂಚಿನ ಎಡ ಭುಜ

ಕಂಬಕ್ಕನಿಗೆ ಆ ಬೆಳಿಗ್ಗೆ ಬೇಕಾಗಿದ್ದದ್ದು ಒಂದು ಕುರ್ಚಿ, ಅಷ್ಟೆ. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಸ್ಟಾಪಿನಿಂದ ವಸ್ತು ಸಂಗ್ರಹಾಲಯದ ಹಿಂಬಾಗಿಲಿನ ತನಕ ನಡೆಯುವಷ್ಟರಲ್ಲಿ ಮೀನಖಂಡದ ನರಗಳು ಹಗ್ಗದ ಹಾಗೆ ಬಿಗಿದುಕೊಂಡಿದ್ದವು. ಬಾಗಿಲಲ್ಲಿದ್ದ ಕಾವಲುಗಾರ ಅವಳ ಗುರುತಿನ ಚೀಟಿ ನೋಡಿ, ದಪ್ಪ ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಮುಂದಿನ ಖಾನೆಯ ಮೇಲೆ ಪೆನ್ನು ನಿಲ್ಲಿಸಿದ.

"ಕೆಲಸ ಏನಂತ ಬರೀಲಿ?"

"ನಿಂತ್ಕೊಳ್ಳೋದು."

ಅವನು ತಲೆಯೆತ್ತಿ ನೋಡಿದ. "ಅದನ್ನ ನಾನೂ ದಿನಾ ಮಾಡ್ತೀನಲ್ಲಮ್ಮ."

"ಹಾಗಾದ್ರೆ ಹೊಲಿಗೆ ಅಂತ ಬರ್ಕೊಳ್ಳಪ್ಪ" ಎಂದು ಕಂಬಕ್ಕ ಗೋಡೆಗೆ ಕೈ ಕೊಟ್ಟಳು.

ಪುಸ್ತಕದಲ್ಲಿ ಅವನು ಬರೆದುಕೊಂಡ ಆ ಮಾತು ಸುಳ್ಳು. ಕಂಬಕ್ಕ ಹೊಲಿಗೆಯವಳಲ್ಲ. ಉಳ್ಳವರಿಗೆ ಬಟ್ಟೆ ಮಾಡಿ ಮಾರುತ್ತಿದ್ದ ಹೆಸರಾಂತ ವಸ್ತ್ರಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಅವಳು ಮಾಡಿದ ಕೆಲಸ ನಿಂತುಕೊಳ್ಳುವುದೇ. ಅಲ್ಲಿ ಯಾವ ಉಡುಪನ್ನೂ ನೇರವಾಗಿ ಕಾಗದದ ಮೇಲೆ ಗೆರೆ ಎಳೆದು ಕತ್ತರಿಸುತ್ತಿರಲಿಲ್ಲ. ಜೀವ ಇರುವ ಒಂದು ಮೈಯ ಮೇಲೆ ಅಗ್ಗದ ಬಿಳಿ ಬಟ್ಟೆ ಹೊದಿಸಿ, ಗುಂಡುಸೂಜಿ ಚುಚ್ಚಿ, ಮಡಿಸಿ, ಗುರುತು ಹಾಕಿ, ಆಮೇಲೆ ಅದನ್ನು ಬಿಡಿಸಿ ಕಾಗದಕ್ಕೆ ಇಳಿಸುತ್ತಿದ್ದರು. ಆ ಕಾಗದದಿಂದ ಊರೂರಿಗೆ ಹೋಗುವ ಕೋಟು, ಗೌನುಗಳೆಲ್ಲ ಹುಟ್ಟುತ್ತಿದ್ದವು. ಆ ಮೈ ಕಂಬಕ್ಕನದು. ಹೊಲಿಗೆ ಕೋಣೆಯ ಹೆಂಗಸರು ಮೊದಲ ವರ್ಷ ಅವಳನ್ನು ಕಂಬ ಎಂದರು. ಅವಳಿಗಿಂತ ಚಿಕ್ಕವರು ಕೆಲಸಕ್ಕೆ ಬಂದ ಮೇಲೆ ಕಂಬಕ್ಕ ಆಯಿತು. ಸ್ವಂತ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿಯಿತು.

ಅವಳಮ್ಮ ಓಣಿಯ ತುದಿಯಲ್ಲಿ ಇಸ್ತ್ರಿ ಮೇಜು ಇಟ್ಟುಕೊಂಡಿದ್ದಳು. ಅಪ್ಪ ತೀರಿಕೊಂಡ ವರ್ಷ ಕಂಬಕ್ಕನಿಗೆ ಒಂಬತ್ತು, ತಂಗಿಗೆ ಮೂರು. ಇಸ್ತ್ರಿಯಾದ ಬಟ್ಟೆಯ ಗಂಟನ್ನು ಮನೆಮನೆಗೆ ಮುಟ್ಟಿಸುವುದು ದೊಡ್ಡವಳ ಪಾಲಿಗೆ ಬಂತು. ಗಂಟು ಯಾವಾಗಲೂ ಎಡ ಭುಜದ ಮೇಲೆ. ಬಲಗೈ ಬಾಗಿಲು ತಟ್ಟುವುದಕ್ಕೆ ಬೇಕಿತ್ತು. ತಂಗಿ ಹಟ ಹಿಡಿದ ದಿನ ಅವಳೂ ಎಡ ಸೊಂಟದ ಮೇಲೆ. ಹೀಗೆ ಹತ್ತು ವರ್ಷ.

ಹತ್ತೊಂಬತ್ತರಲ್ಲಿ ಒಂದು ದಿನ ಗಂಟು ಹೊತ್ತುಕೊಂಡು ಆ ವಸ್ತ್ರಾಲಯದ ಹಿಂಬಾಗಿಲಿಗೆ ಹೋದಳು. ಬಟ್ಟೆ ಎಣಿಸಿಕೊಳ್ಳಬೇಕಾದವರು ಊಟಕ್ಕೆ ಹೋಗಿದ್ದರು. ಅವಳು ಗೋಡೆಯ ಪಕ್ಕ ನಿಂತಳು. ಆಗತಾನೆ ಅಲ್ಲಿನ ಮುಖ್ಯ ಕಟಿಂಗ್ ಮಾಸ್ತರರಾಗಿದ್ದ ಮನುಷ್ಯ ಕಿಟಕಿಯಿಂದ ಮೂರು ಸಲ ನೋಡಿದರು. ಮೂರು ಸಲವೂ ಹುಡುಗಿ ಇಟ್ಟ ಕಾಲು ಇಟ್ಟಲ್ಲೇ ಇತ್ತು. ಅವರ ಬಳಿ ನಿಲ್ಲುತ್ತಿದ್ದ ಹೆಂಗಸು ಮದುವೆಯಾಗಿ ಹೋಗಿ ತಿಂಗಳಾಗಿತ್ತು. ಮಾಸ್ತರರು ಕೆಳಗಿಳಿದು ಬಂದು ಹೊಲಿಗೆಯ ಹೆಂಗಸೊಬ್ಬಳ ಕೈಗೆ ಟೇಪು ಕೊಟ್ಟರು. ಎದೆ, ಸೊಂಟ, ತೊಡೆಯ ಸುತ್ತು ಮೂರೂ ಅವರ ಪಟ್ಟಿಯಲ್ಲಿದ್ದ ಹಾಗೇ ಬಂದವು. ಟೇಪನ್ನು ಮೈ ಸುತ್ತ ಸುತ್ತಿದರೇ ಹೊರತು ಒಂದು ಭುಜದ ಪಕ್ಕ ಇನ್ನೊಂದು ಭುಜವನ್ನು ಯಾರೂ ಅಳೆಯಲಿಲ್ಲ.

ಕೆಲಸ ಹಗುರ ಎಂದು ಅವಳಮ್ಮ ತಿಳಿದಿದ್ದಳು. "ಹೊರೋದಿಲ್ಲ, ತೊಳೆಯೋದಿಲ್ಲ, ಬರೀ ನಿಂತ್ಕೊಳ್ಳೋದು, ಪುಣ್ಯ ಮಾಡಿದ್ದೆ" ಎಂದಳು. ಮೊದಲ ವಾರವೇ ಕಂಬಕ್ಕನಿಗೆ ಅದರ ಭಾರ ಗೊತ್ತಾಯಿತು. ಅಳತೆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಕೂತರೆ ಬಟ್ಟೆ ಸುಕ್ಕಾಗುತ್ತದೆ, ಮೈಯೂ ಆಕಾರ ಬದಲಿಸುತ್ತದೆ ಎಂಬುದು ಅಲ್ಲಿನ ಕಾನೂನು. ಮಾಸ್ತರರು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಸುತ್ತ ತಿರುಗುವರು. ಸೊಂಟದ ಹತ್ತಿರ ಬಂದಾಗ "ಅರ್ಧ ಉಸಿರು" ಎನ್ನುವರು. ಎಳೆದುಕೊಂಡ ಉಸಿರಿನಲ್ಲಿ ಅರ್ಧ ಬಿಟ್ಟು, ಅರ್ಧ ಒಳಗೇ ಹಿಡಿದು ನಿಲ್ಲಬೇಕು. ಅವರು "ಬಿಡು" ಅನ್ನುವ ತನಕ.

ಇನ್ನು ಋತುಗಳ ಕಥೆ. ಚಳಿಗಾಲದಲ್ಲಿ ಮಾರುವ ಉಣ್ಣೆಯ ಕೋಟುಗಳನ್ನು ಕಡುಬೇಸಿಗೆಯಲ್ಲಿ ಅವಳ ಮೇಲೆ ಹೊದಿಸುತ್ತಿದ್ದರು. ಬೇಸಿಗೆಯ ತೆಳು ರೇಷ್ಮೆಗಳು ಮೈ ನಡುಗುವ ಚಳಿಯಲ್ಲಿ ಬರುತ್ತಿದ್ದವು. ಊರಿಗೆಲ್ಲ ಒಂದು ಹವೆಯಾದರೆ ಅವಳಿಗೆ ಇನ್ನೊಂದು. ವರ್ಷಗಳು ಕಳೆದ ಮೇಲೆ ಸೆಕೆಯೋ ಚಳಿಯೋ ಎಂದು ಯಾರಾದರೂ ಕೇಳಿದರೆ ಅವಳು ಒಂದು ಗಳಿಗೆ ಯೋಚಿಸಿ ಉತ್ತರ ಕೊಡುವ ಹಾಗಾಯಿತು. ಸೋಮವಾರ ಬೆಳಿಗ್ಗೆ ಸೊಂಟದ ಅಳತೆ. ಬೆರಳು ದಪ್ಪ ಹೆಚ್ಚಿದರೂ ಮಾಸ್ತರರ ಹುಬ್ಬು ಮೇಲೇರುತ್ತಿತ್ತು. ನೆಂಟರ ಮದುವೆಗೆ ಹೋದರೂ ಅವಳು ತಟ್ಟೆಯ ಮುಂದೆ ಕೂತು ಬರುವವಳೇ ಹೊರತು ತಿಂದು ಬರುವವಳಲ್ಲ.

ಅವಳ ಮದುವೆಯ ಮಾತೂ ಬಂದಿತ್ತು. ಲೆಕ್ಕದ ಕಚೇರಿಯಲ್ಲಿದ್ದ ಒಳ್ಳೆಯ ಹುಡುಗ. "ಈ ಸೀಸನ್ ಮುಗೀಲಿ" ಎಂದಳು. ಸೀಸನ್ ಮುಗಿದ ದಿನವೇ ಮುಂದಿನದು ಶುರುವಾಗುತ್ತಿತ್ತು. ಹುಡುಗನ ಕಡೆಯವರು ಎರಡು ಸೀಸನ್ ಕಾದು ಬೇರೆ ಕಡೆ ನೋಡಿಕೊಂಡರು. ತಂಗಿ ಇವತ್ತಿಗೂ ಅದನ್ನು ಎತ್ತಿ ಆಡುವುದು ಬಿಟ್ಟಿಲ್ಲ. ಬಟ್ಟೆ ಒಗೆದುಕೊಡುವ ಅಂಗಡಿ ಅವಳದು. ವಸ್ತ್ರಾಲಯದ ಯಜಮಾನರು ತೀರಿಕೊಂಡು, ಅದು ಬಾಗಿಲು ಹಾಕಿ, ಕಂಬಕ್ಕ ಮನೆಗೆ ಬಂದ ಮೇಲೆ ತಂಗಿಯ ಅಂಗಡಿಯಲ್ಲಿ ಚೀಟಿ ಬರೆಯುವ ಕೆಲಸ ಅಕ್ಕನದು. "ಕೂತು ಮಾಡೋ ಕೆಲಸ ಆದ್ರೆ ಬರ್ತೀನಿ" ಎಂಬುದೊಂದೇ ಅವಳು ಹಾಕಿದ ಷರತ್ತು. ಹದಿನಾಲ್ಕು ವರ್ಷದಿಂದ ಕೂತಿದ್ದಾಳೆ, ಆದರೂ ಕಾಲಿನ ಆಯಾಸ ತೀರಿಲ್ಲ.

ಸಂಗ್ರಹಾಲಯದಿಂದ ಫೋನು ಬಂದ ದಿನ ತಂಗಿ ಸೋಪಿನ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು. "ಅವರಿಗೆ ಇಪ್ಪತ್ತಾರು ವರ್ಷ ಕಂಬ ಆಗಿದ್ದು ಸಾಲ್ದಾ ಅಕ್ಕಾ? ಈಗ ಇವರಿಗೆ ಬೇರೆ ಬೇಕಂತಾ?"

"ನಿಲ್ಲೋದಕ್ಕಲ್ಲ ಕಣೇ. ಯಾವ ಬಟ್ಟೆ ಯಾವ ವರ್ಷದ್ದು ಅಂತ ಹೇಳ್ಬೇಕಂತೆ. ಪೆಟ್ಟಿಗೆಗಳು ಕಲೆಸಿ ಹೋಗಿವೆಯಂತೆ."

"ಹೇಳೋದು ಕೂತ್ಕೊಂಡು ತಾನೇ?"

"ಕುರ್ಚಿ ಕೇಳ್ತೀನಿ ಬಿಡು."

"ನೀನು ಕೇಳ್ತೀಯಾ!" ಎಂದು ತಂಗಿ ನಕ್ಕಳು. "ನೀನು ನೀರು ಬೇಕು ಅಂತ ಬಾಯಿಬಿಟ್ಟು ಕೇಳಿದ್ದನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ."

ಸಂಗ್ರಹಾಲಯದ ಹಿಂಭಾಗದ ಕೋಣೆಯಲ್ಲಿ ಹದಿನೆಂಟು ಪೆಟ್ಟಿಗೆಗಳಿದ್ದವು. ವಸ್ತ್ರಾಲಯದ ಹಳೆಯ ಉಡುಪುಗಳ ಪ್ರದರ್ಶನದ ಜವಾಬ್ದಾರಿ ಹೊತ್ತಿದ್ದ ಮೇಡಂಗೆ ಮೂವತ್ತೈದರ ಆಸುಪಾಸು. ಕೈಗೆ ಬಿಳಿ ಕೈಗವಸು, ಕಿವಿಯ ಮೇಲೆ ಪೆನ್ಸಿಲು. ಶಾಯಿ ತಗಲೀತೆಂದು ಆ ಕೋಣೆಗೆ ಪೆನ್ನು ತರುವ ಹಾಗಿರಲಿಲ್ಲ. ವಸ್ತ್ರಾಲಯ ಮುಚ್ಚಿದ ಮೇಲೆ ಬಟ್ಟೆಗಳು ಮೂರು ಗೋದಾಮು ಕಂಡು ಬಂದಿದ್ದವು. ಚೀಟಿಗಳು ಉದುರಿ ಹೋಗಿದ್ದವು. ಅರ್ಧಕ್ಕರ್ಧ ಉಡುಪುಗಳಿಗೆ ಫೋಟೊ ಇರಲಿಲ್ಲ. ಪ್ರದರ್ಶನ ಶುರುವಾಗಲು ಒಂಬತ್ತು ದಿನ.

ಮೇಡಂ ಒಂದು ಕಂದು ಕೋಟನ್ನು ತೆಳು ಕಾಗದದಿಂದ ಬಿಡಿಸಿ ಮೇಜಿನ ಮೇಲೆ ಮಲಗಿಸಿದರು. ಕಂಬಕ್ಕ ಅದರ ಕಂಕುಳಿನ ಹತ್ತಿರ ಬೆರಳಿಟ್ಟಳು.

"ಇದು ನಾನು ಸೇರಿದ ಆರನೇ ವರ್ಷದ್ದು. ಇಲ್ಲಿ ಬೊಬ್ಬೆ ಬಂದಿತ್ತು. ಫ್ಯಾನ್ ಕೆಟ್ಟಿತ್ತು ಆವಾಗ."

ಮೇಡಂ ಬರೆದುಕೊಂಡರು. ಮುಂದಿನದು ಹಾಲಿನ ಬಣ್ಣದ ರೇಷ್ಮೆ ಗೌನು.

"ಇದು ಒಂಬತ್ತನೇದು. ನನಗೆ ನೆಗಡಿ. ಸೂಜಿ ಹಾಕೋವಾಗ ಸೀನಿಬಿಟ್ಟೆ, ಚುಚ್ಚಿ ರಕ್ತ ಬಂತು. ಒಳಪಟ್ಟಿಯಲ್ಲಿ ನೋಡಿ ಮೇಡಂ, ಎಡಗಡೆ, ಒಂದು ಚುಕ್ಕೆ ಇರತ್ತೆ. ಪ್ರತಿ ನಮೂನೆಯ ಮೊದಲನೇ ಬಟ್ಟೇನ ನನ್ನ ಮೈಮೇಲೇ ಮುಗಿಸ್ತಿದ್ರು."

ಮೇಡಂ ಒಳಪಟ್ಟಿ ಮಗುಚಿದರು. ಸಾಸಿವೆಯಷ್ಟು ಕಂದು ಚುಕ್ಕೆ ಇತ್ತು. ಅವರು ಪೆನ್ಸಿಲು ಕೆಳಗಿಟ್ಟು ಕಂಬಕ್ಕನ ಮುಖವನ್ನು ಆಗಲೇ ಮೊದಲ ಸಲ ನೋಡಿದವರ ಹಾಗೆ ನೋಡಿದರು. "ಇದನ್ನ ನಾವು ಕೊಳೆ ಅಂತ ಬರ್ಕೊಂಡಿದ್ವಿ ಅಮ್ಮಾ" ಎಂದರು.

ನಾಲ್ಕನೆಯ ಪೆಟ್ಟಿಗೆಯಲ್ಲಿ ಅಗಲ ತೋಳಿನ ಕಪ್ಪು ನಿಲುವಂಗಿ. ಕಂಬಕ್ಕ ಅದನ್ನು ಮುಟ್ಟಲಿಲ್ಲ. ಅಮ್ಮ ಹೋದ ಮೂರನೆಯ ದಿನ ಅವಳು ಕೆಲಸಕ್ಕೆ ಬಂದು ಇದಕ್ಕೆ ನಿಂತಿದ್ದಳು. ಮೈ ನಡುಗುತ್ತಿತ್ತು. ಮಾಸ್ತರರು ನೋಡಿ, ಸೂಜಿಗಳ ಡಬ್ಬಿಯನ್ನು ಮುಚ್ಚಿ, ದಿನವೆಲ್ಲಾ ದಾರದಲ್ಲೇ ಕಚ್ಚಾ ಹೊಲಿಗೆ ಹಾಕಿ ಮುಗಿಸಿದರು. ಒಂದು ಸಲವೂ ಅವಳಿಗೆ ಚುಚ್ಚಲಿಲ್ಲ.

"ಇದು ಹದಿನಾಲ್ಕನೇ ವರ್ಷದ್ದು" ಎಂದಷ್ಟೇ ಹೇಳಿದಳು. ಕಾಲು ಸೋಲುತ್ತಿತ್ತು. ಕುರ್ಚಿ ಕೇಳಬೇಕೆಂದುಕೊಂಡಳು. ಮೇಡಂ ಅಷ್ಟರಲ್ಲಿ ಐದನೆಯ ಪೆಟ್ಟಿಗೆಯ ಕಡೆ ತಿರುಗಿದ್ದರು.

"ಪಕ್ಕದ ಕೋಣೇಲಿ ನಿಮ್ಮವರೇ ಒಬ್ರಿದ್ದಾರೆ" ಎಂದರು ಮೇಡಂ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾ. "ಕಟಿಂಗ್ ಮಾಸ್ತರರು. ನಿನ್ನೆಯಿಂದ ಬರ್ತಿದ್ದಾರೆ. ಎಲ್ಲಾ ಬಟ್ಟೆಗಳದ್ದೂ ಎಡ ಭುಜ ಇಳಿದುಬಿಟ್ಟಿದೆ, ನೋಡಿದ್ರಾ? ಹ್ಯಾಂಗರಿನಲ್ಲಿ ಒಂದೇ ಕಡೆ ವಾಲಿಸಿ ಇಟ್ಟಿದ್ರಿಂದ ಅಂತ ಅವರೇ ಹೇಳಿದ್ರು. ಬೊಂಬೆಗೆ ತೊಡಿಸಿದ್ರೆ ಕುತ್ತಿಗೆಯಿಂದ ಕಂಕುಳಿಗೆ ಓರೆ ಸುಕ್ಕು ಬರತ್ತೆ. ಸಾಮಾನ್ಯವಾಗಿ ನಾವು ಹಳೇ ಹೊಲಿಗೆ ಮುಟ್ಟೋದಿಲ್ಲ. ಮಾಡಿದವರೇ ಸರಿ ಮಾಡ್ತೀನಿ ಅಂದಾಗ ಹೇಗೆ ಬೇಡ ಅನ್ನೋದು? ನಲವತ್ತಮೂರು ಉಡುಪಿಗೂ ಭುಜ ಬಿಚ್ಚಿ ಅರ್ಧ ಇಂಚು ಎತ್ತಿಬಿಡ್ತಾರಂತೆ."

ಕಂಬಕ್ಕ ಪಕ್ಕದ ಕೋಣೆಗೆ ನಡೆದಳು.

ಮಾಸ್ತರರು ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಕೂತಿದ್ದರು. ಎಪ್ಪತ್ತೊಂಬತ್ತು ವಯಸ್ಸು. ಮೂಗಿನ ಮೇಲೆ ಎರಡು ಕನ್ನಡಕ, ಒಂದರ ಮೇಲೊಂದು. ಮುಂದೆ ನೀಲಿ ಉಣ್ಣೆಯ ಕೋಟು. ಅದರ ಎಡ ಭುಜದ ಹೊಲಿಗೆಯನ್ನು ಪುಟ್ಟ ಕೊಕ್ಕೆಯಿಂದ ಬಿಚ್ಚಿ ಮುಗಿಸಿದ್ದರು. ಭುಜ ಬಾಯಿ ತೆರೆದುಕೊಂಡಿತ್ತು. ಪಕ್ಕದ ಕಂಬಿಯಲ್ಲಿ ಬೂದು ಬಣ್ಣದ ಇನ್ನೊಂದು ಕೋಟು ಸರದಿಗೆ ಕಾಯುತ್ತಾ ತೂಗುತ್ತಿತ್ತು. ಗೋಡೆಯ ಪಕ್ಕ ತಲೆಯಿಲ್ಲದ ಬಿಳಿ ಬೊಂಬೆಗಳು ಸಾಲಾಗಿ ನಿಂತಿದ್ದವು, ಎಲ್ಲದರ ಭುಜಗಳೂ ತಕ್ಕಡಿ ಹಿಡಿದ ಹಾಗೆ ಸಮ.

"ಬಂದ್ಯಾ ಕಂಬ" ಎಂದರು ಮಾಸ್ತರರು ತಲೆಯೆತ್ತದೆ. "ದಪ್ಪ ಆಗಿದೀಯ."

"ನೋಡ್ದೇ ಹೇಳ್ತಿದೀರಲ್ಲ."

"ಹೆಜ್ಜೆ ಸದ್ದು ಕೇಳಲ್ವಾ ನನಗೆ? ಸೊಂಟ ನಾಲ್ಕು ಇಂಚು ಹೆಚ್ಚಿದೆ."

"ಐದು" ಎಂದಳು ಕಂಬಕ್ಕ. ಆಮೇಲೆ ಬಾಗಿಲು ಮುಚ್ಚಿ ಬಂದು ಮೇಜಿನ ಎದುರು ನಿಂತಳು. "ಮಾಸ್ತರೇ, ಹ್ಯಾಂಗರಿನ ತಪ್ಪು ಅಂದ್ರಂತೆ."

ಕೊಕ್ಕೆ ಹಿಡಿದ ಕೈ ನಿಂತಿತು.

ಇಬ್ಬರಿಗೂ ಗೊತ್ತಿದ್ದ ವಿಷಯ ಅದು. ಅವಳು ಸೇರಿದ ಮೂರನೆಯ ಸೀಸನ್ನಿನಲ್ಲಿ, ಮಾರಾಟದ ಕೋಣೆಯ ಮರದ ಬೊಂಬೆಯ ಮೇಲೆ ತೊಡಿಸಿದ್ದ ಕೋಟಿನಲ್ಲಿ ಒಂದು ಓರೆ ಸುಕ್ಕನ್ನು ಕಂಬಕ್ಕನೇ ಮೊದಲು ಕಂಡಿದ್ದಳು. ಬಂದು ಮಾಸ್ತರರಿಗೆ ಹೇಳಿದಳು. ಅವರು ಅವಳ ಬಲ ಭುಜದ ಕಾಗದದ ಮೇಲೆ ಎಡ ಭುಜದ ಕಾಗದ ಇಟ್ಟು ನೋಡಿದರು. ಅರ್ಧ ಇಂಚು ವ್ಯತ್ಯಾಸ. ಗಂಟು ಹೊತ್ತ ಭುಜ. ಯಾವ ಕಟಿಂಗ್ ಮಾಸ್ತರನಾದರೂ ಮೊದಲ ದಿನವೇ ನೋಡಿ, ಎರಡನ್ನೂ ಸರಿದೂಗಿಸಿ ಕಾಗದ ಮಾಡಬೇಕಿತ್ತು. ಹೊಸ ಹುದ್ದೆಯ ಉತ್ಸಾಹದಲ್ಲಿ ಅವರು ಮೈಮೇಲೆ ಬಂದದ್ದನ್ನು ಬಂದ ಹಾಗೇ ಕತ್ತರಿಸಿದ್ದರು. ಮೂರು ಸೀಸನ್ನಿನ ಬಟ್ಟೆ ಆಗಲೇ ಊರೂರು ಸೇರಿತ್ತು.

ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು. ಯಜಮಾನರಿಗೆ ಹೇಳಿಬಿಡುತ್ತೇನೆಂದು ಮೆಟ್ಟಿಲು ಹತ್ತಿದರು. ಮೇಲೆ ಯಜಮಾನರು, ಎಲ್ಲರ ಬಾಯಲ್ಲೂ ದೊಡ್ಡವರು, ಕೈಯಲ್ಲಿ ಪತ್ರಿಕೆ ಹಿಡಿದು ಕುಣಿಯುವುದೊಂದು ಬಾಕಿ. ಯಾರೋ ಬರೆದಿದ್ದರು: ಈ ವಸ್ತ್ರಾಲಯದ ಕೋಟು ತೊಟ್ಟವಳನ್ನು ಹಿಂದಿನಿಂದ ಯಾರೋ ಕರೆದಂತೆ, ಅವಳು ಇನ್ನೇನು ತಿರುಗಿ ನೋಡುವಂತೆ ಕಾಣುತ್ತದೆ, ಆ ಸೊಬಗು ಇರುವುದು ಭುಜದಲ್ಲಿ ಎಂದು. "ನಾನು ಹೇಳಿರ್ಲಿಲ್ವಾ? ಭುಜ! ಭುಜ!" ಎಂದು ದೊಡ್ಡವರು ಮಾಸ್ತರರನ್ನು ಅಪ್ಪಿಕೊಂಡರು. ಭುಜದ ಬಗ್ಗೆ ದೊಡ್ಡವರು ಅದಕ್ಕೆ ಮೊದಲು ಯಾರಿಗೂ ಏನೂ ಹೇಳಿರಲಿಲ್ಲ. ಮಾಸ್ತರರು ಕೆಳಗಿಳಿದು ಬಂದು ಕಾಗದಗಳನ್ನು ಡ್ರಾಯರಿಗೆ ಹಾಕಿ, "ಬಾಯಿ ಬಿಡಬೇಡ" ಎಂದರು. ಅವಳು ಬಿಡಲಿಲ್ಲ. ಕೊಂಡವರಲ್ಲೂ ಯಾರೂ ದೂರಲಿಲ್ಲ. ಜೀವ ಇರುವವರು ಯಾರು ನೇರ ನಿಲ್ಲುತ್ತಾರೆ? ಒಬ್ಬಳ ಹೆಗಲಲ್ಲಿ ಚೀಲ, ಒಬ್ಬಳ ಸೊಂಟದಲ್ಲಿ ಮಗು. ಕೋಟು ಹೇಗೋ ತನ್ನ ಜಾಗ ಹುಡುಕಿಕೊಳ್ಳುತ್ತಿತ್ತು.

"ಇದೇ ಕೊನೇ ಅವಕಾಶ ಕಂಬ" ಎಂದರು ಮಾಸ್ತರರು ಈಗ, ತಗ್ಗಿದ ದನಿಯಲ್ಲಿ. "ಪ್ರದರ್ಶನಕ್ಕೆ ಈ ಊರಿನ ಕಟಿಂಗ್‌ನವರೆಲ್ಲ ಬರ್ತಾರೆ. ನಾನು ಕಲಿಸಿದವರೇ ಹನ್ನೆರಡು ಜನ ಇದಾರೆ. ಅವರ ಕಣ್ಣಲ್ಲೇ ಟೇಪಿರತ್ತೆ. ಗಾಜಿನ ಹಿಂದೆ, ದೀಪದ ಕೆಳಗೆ, ನಲವತ್ತಮೂರು ಸುಕ್ಕು. ಮುದುಕ ಜೀವಮಾನ ಪೂರ್ತಿ ಅರ್ಧ ಇಂಚು ತಪ್ಪಿಸಿದ್ದಾನೆ ಅಂತ ಗೊತ್ತಾಗೋದಕ್ಕೆ ಎಷ್ಟು ಹೊತ್ತು ಬೇಕು?"

"ಮತ್ತೆ ಬಿಚ್ಚಿಬಿಟ್ರೆ?"

"ಬಿಚ್ಚಿದ್ರೆ ಸರಿ ಹೋಗತ್ತೆ. ಯಾರಿಗೆ ನಷ್ಟ?"

ಮನೆಯಿಂದ ಹೊರಡುವಾಗ ಕಂಬಕ್ಕನಿಗೆ ಈ ಬಟ್ಟೆಗಳ ಮೇಲೆ ಯಾವ ಮೋಹವೂ ಇರಲಿಲ್ಲ. ಅವುಗಳಲ್ಲಿ ಒಂದನ್ನೂ ಅವಳು ತೊಟ್ಟು ಬೀದಿಗೆ ಹೋದವಳಲ್ಲ. ಆಗಿನ ಫ್ಯಾಷನ್ ಷೋಗಳಲ್ಲಿ ತೊಟ್ಟು ನಡೆಯುತ್ತಿದ್ದವರು ಎತ್ತರದ ಬೇರೆ ಹುಡುಗಿಯರು. ಫೋಟೊ ಅವರದು, ಹೆಸರು ದೊಡ್ಡವರದು, ಕತ್ತರಿಯ ಕೀರ್ತಿ ಮಾಸ್ತರರದು. ತನ್ನದು ಏನಿತ್ತು ಎಂದು ಅವಳು ಎಂದೂ ಹುಡುಕಿರಲಿಲ್ಲ. ಈಗ ಬಾಯಿ ತೆರೆದ ಆ ನೀಲಿ ಭುಜವನ್ನು ನೋಡಿದಾಗ, ಇದ್ದದ್ದು ಅದೊಂದೇ ಎಂದು ತಿಳಿಯಿತು. ಇನ್ನು ಒಂಬತ್ತು ದಿನದಲ್ಲಿ ಅದೂ ಇರುವುದಿಲ್ಲ.

"ನನಗೆ" ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನಗೆ ನಷ್ಟ ಮಾಸ್ತರೇ. ಬಟ್ಟೇಲಿ ನಾನಿರೋದು ಅಷ್ಟೇ ಜಾಗ. ಅದನ್ನೂ ಬಿಚ್ಚಿಹಾಕ್ತೀರಾ?"

"ಸೊಟ್ಟ ಭುಜ ಇಟ್ಕೊಂಡು ಏನು ಮಾಡ್ತೀಯೇ?"

"ನೀವು ಅಷ್ಟು ವರ್ಷ ಇಟ್ಕೊಂಡಿರ್ಲಿಲ್ವಾ?"

ಮಾಸ್ತರರು ಒಂದು ಕನ್ನಡಕ ತೆಗೆದು ಒರೆಸಿದರು. "ನಿನಗೆ ಏನು ಕಂಬ, ನೀನು ನಿಂತಿದ್ದೆ. ತಪ್ಪು ಮಾಡಿದವನು ನಾನು. ರಾತ್ರಿ ಮಲಗಿದ್ರೆ ಆ ಎರಡು ಕಾಗದಾನೇ ಕಣ್ಣಿಗೆ ಬರತ್ತೆ. ಒಂದರ ಮೇಲೊಂದು ಇಟ್ಟ ಹಾಗೆ. ಸರಿ ಮಾಡಿ ಸಾಯ್ತೀನಿ ಅಂದ್ರೆ ಅದೂ ಬೇಡ ಅಂತೀಯ."

ಅವರು ಹೇಳುವುದೂ ನಿಜ. ಸೂಜಿ ಡಬ್ಬಿ ಮುಚ್ಚಿ ದಾರದಲ್ಲಿ ಹೊಲಿದ ಆ ದಿನ ನೆನಪಾಯಿತು. ಜಗಳಕ್ಕೆ ಬೇಕಾದ ಶಕ್ತಿಯೂ ಮೈಯಲ್ಲಿ ಇರಲಿಲ್ಲ. ಹೋಗಲಿ ಬಿಡು, ಬಿಚ್ಚಿಕೊಳ್ಳಲಿ, ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತರಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಜೀವಮಾನವೆಲ್ಲಾ ಹಾಗೆ ಅನ್ನಿಸಿದ್ದಕ್ಕೇ ಅಲ್ಲವೇ ಕಂಬ ಎಂದು ಹೆಸರು ಬಂದದ್ದು.

ಮಾಸ್ತರರು ನೀಲಿ ಕೋಟನ್ನು ಪಕ್ಕಕ್ಕೆ ಸರಿಸಿ, ಬೂದು ಕೋಟಿಗೆ ಕೈ ಚಾಚಿದರು. ಅವರ ಕೈ ತಲುಪುವ ಮೊದಲು ಕಂಬಕ್ಕ ಅದನ್ನು ಕಂಬಿಯಿಂದ ತೆಗೆದು ತೊಟ್ಟುಕೊಂಡಳು. ಮುಂದೆ ಗುಂಡಿ ಹಾಕುವ ಮಾತೇ ಇರಲಿಲ್ಲ, ಗುಂಡಿಗೂ ಕಾಜಿಗೂ ನಡುವೆ ಒಂದು ಗೇಣು. ತೋಳು ಬಿಗಿಯಾಯಿತು. ಆದರೆ ಭುಜ ಹೋಗಿ ಕೂತದ್ದು ಹೇಗೆಂದರೆ, ಮನೆಯವರು ಬಾಗಿಲು ತೆಗೆದ ಹಾಗೆ. ಒಂದು ಗೆರೆ ಸುಕ್ಕಿಲ್ಲ.

ಅದೇ ಹೊತ್ತಿಗೆ ಮೇಡಂ ಬಾಗಿಲು ತಳ್ಳಿಕೊಂಡು ಬಂದರು. "ಅಯ್ಯೋ, ಅಮ್ಮಾ! ತೊಟ್ಕೋಬಾರ್ದು, ಯಾರೂ ತೊಟ್ಕೋಬಾರ್ದು ಅದನ್ನ!" ಎಂದು ಎರಡು ಹೆಜ್ಜೆ ಓಡಿಬಂದು ಅಲ್ಲೇ ನಿಂತರು. ಕಂಬಕ್ಕನ ಸುತ್ತ ಒಂದು ಸುತ್ತು ಬಂದರು. ಗೋಡೆ ಬದಿಯ ಬೊಂಬೆಗಳನ್ನು ನೋಡಿದರು, ಮತ್ತೆ ಇವಳ ಭುಜ ನೋಡಿದರು.

"ಇದು ಹ್ಯಾಂಗರಿಂದ ಇಳಿದದ್ದಲ್ಲ" ಎಂದರು ಮೆಲ್ಲಗೆ. "ಮಾಸ್ತರೇ, ಏನಿದು?"

ಮಾಸ್ತರರು ಮೇಜಿನ ಮೇಲಿದ್ದ ಕೊಕ್ಕೆಯನ್ನು ಡಬ್ಬಿಗೆ ಹಾಕಿದರು, ಮತ್ತೆ ತೆಗೆದರು. ಬಾಯಿ ತೆರೆದರು. ಎಪ್ಪತ್ತೊಂಬತ್ತು ವರ್ಷದ ಆ ಬಾಯಿಂದ ಮಾತು ಹೊರಡಲು ಎಷ್ಟು ಕಷ್ಟಪಡುತ್ತಿದೆಯೆಂದು ಕಂಬಕ್ಕನಿಗೆ ಕಂಡಿತು.

"ನಂದೇ ತಪ್ಪು ಮೇಡಂ" ಎಂದಳು ಅವಳು. "ನಾನು ಸೊಟ್ಟ. ಚಿಕ್ಕಂದಿನಿಂದ ಗಂಟು ಹೊತ್ತು ಎಡ ಭುಜ ಇಳಿದುಹೋಗಿದೆ. ಕೆಲಸ ಹೋಗತ್ತೆ ಅಂತ ಹೇಳ್ದೆ ಮುಚ್ಚಿಟ್ಟಿದ್ದೆ. ಮಾಸ್ತರರ ಕತ್ತರಿ ಎಳೆಯಷ್ಟೂ ತಪ್ಪಿಲ್ಲ. ಮುಂದೆ ಏನು ನಿಂತಿತ್ತೋ ಅದಕ್ಕೆ ಸರಿಯಾಗಿ ಕತ್ತರಿಸಿದ್ದಾರೆ. ಬೇಕಾದ್ರೆ ನೀವೇ ನೋಡಿ, ಎಷ್ಟು ಸರಿಯಾಗಿ ಕೂತಿದೆ."

ಇಪ್ಪತ್ತಾರು ವರ್ಷ ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಮ್ಮೆ ಒಂದೇ. ತನ್ನಷ್ಟು ನೇರವಾಗಿ ನಿಲ್ಲುವವರು ಇನ್ನೊಬ್ಬರಿಲ್ಲ ಎಂಬುದು. ಅದನ್ನು ಅಷ್ಟು ಸಲೀಸಾಗಿ ಕೆಳಗಿಟ್ಟುಬಿಟ್ಟಳು. ಇಟ್ಟ ಮೇಲೆ ಅಷ್ಟೇನೂ ನೋವಾಗಲಿಲ್ಲ. ಗಂಟು ಇಳಿಸಿದಾಗ ಭುಜ ಒಂದಷ್ಟು ಹೊತ್ತು ಜುಮ್ಮೆನ್ನುತ್ತದಲ್ಲ, ಹಾಗಾಯಿತು.

ಮಾಸ್ತರರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು. "ಅವಳು ಮುಚ್ಚಿಡ್ಲಿಲ್ಲ" ಎಂದರು. ಅಷ್ಟು ಹೇಳಿ ಕೆಮ್ಮಿದರು. ಮೇಡಂ ಅವರನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು. ಏನು ಅರ್ಥವಾಯಿತೋ, ಎಷ್ಟು ಅರ್ಥವಾಯಿತೋ, ಕೆದಕಿ ಕೇಳಲಿಲ್ಲ. ಬೊಂಬೆಯೊಂದರ ಹತ್ತಿರ ಹೋಗಿ ಅದರ ಎಡ ಭುಜವನ್ನು ಉಗುರಿನಿಂದ ಗೀರಿದರು. ಬಿಳಿ ಪುಡಿ ಉದುರಿತು.

"ಇದು ಹಗುರ ಮಾಲು. ಕೆರೆದ್ರೆ ಅರ್ಧ ಇಂಚು ಬೇಗ ಇಳಿಯತ್ತೆ" ಎಂದರು. "ಬಟ್ಟೆ ಮುಟ್ಟೋದು ಬೇಡ. ಬೊಂಬೆಗಳನ್ನೇ ಅಮ್ಮನ ಭುಜಕ್ಕೆ ಸರಿಮಾಡ್ತೀವಿ, ಎಲ್ಲವನ್ನೂ. ಸುಕ್ಕೂ ಇರಲ್ಲ. ಆದ್ರೆ ಮಾಸ್ತರೇ, ಈ ನೀಲಿದು?"

"ಹೊಲೀತೀನಿ" ಎಂದರು ಮಾಸ್ತರರು. "ಇದ್ದ ಹಾಗೇ ಹೊಲೀತೀನಿ."

ಬೂದು ಕೋಟನ್ನು ಮೇಡಂ ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡರು. ಮಾಸ್ತರರು ಸೂಜಿಗೆ ದಾರ ಪೋಣಿಸಲು ಎರಡು ಕನ್ನಡಕದಲ್ಲೂ ಪ್ರಯತ್ನಿಸಿದರು. ದಾರ ಸೂಜಿಯ ಕಣ್ಣಿನ ಆಚೆಯಿಂದ ಈಚೆಯಿಂದ ಜಾರುತ್ತಿತ್ತು. ಕಂಬಕ್ಕ ಕೈ ಚಾಚಿ ಇಸಿದುಕೊಂಡು ಪೋಣಿಸಿ ಕೊಟ್ಟಳು. ಅವರು ತಗೊಂಡರು, ಥ್ಯಾಂಕ್ಸ್ ಹೇಳುವ ರೂಢಿ ಇಬ್ಬರ ನಡುವೆ ಇರಲಿಲ್ಲ. ಬಾಯಿ ತೆರೆದ ನೀಲಿ ಕೋಟನ್ನು ಎತ್ತಿ ಹಿಡಿದು, "ಹಳೇ ಗೆರೆ ಉಣ್ಣೇಲಿ ಅಳಿಸಿಹೋಗಿದೆ. ಮೈಮೇಲೆ ಹಾಕಿದ್ರೇ ಸಿಗೋದು. ಬಾ, ನಿಂತ್ಕೋ" ಎಂದರು.

ಕಂಬಕ್ಕನ ಕಾಲು ರೂಢಿಯಂತೆ ಅರ್ಧ ಹೆಜ್ಜೆ ಮುಂದಿಟ್ಟಿತು. ಅಲ್ಲೇ ನಿಲ್ಲಿಸಿದಳು.

"ಆಗಲ್ಲ ಮಾಸ್ತರೇ."

"ಹ್ಞಾಂ?"

"ನಿಲ್ಲೋದಕ್ಕಾಗಲ್ಲ. ಕಾಲು ನೋಯ್ತಿದೆ." ಮೇಡಂ ಕಡೆ ತಿರುಗಿದಳು. "ಒಂದು ಕುರ್ಚಿ ಇದ್ರೆ ಕೊಡಿ ಮೇಡಂ."

"ಕೂತವಳ ಮೇಲೆ ಯಾರಾದ್ರೂ ಭುಜ ಕೂಡಿಸ್ತಾರಾ?" ಎಂದರು ಮಾಸ್ತರರು. "ಎಲ್ಲಾದ್ರೂ ಉಂಟಾ?"

"ಭುಜ ಎಲ್ಲಿಗೂ ಓಡಿಹೋಗಲ್ಲ. ನೀವೇ ಸ್ವಲ್ಪ ಬಗ್ಗಿ."

ಮೇಡಂ ಹೊರಗಿನಿಂದ ಒಂದು ಕುರ್ಚಿ ತಂದರು. ಕಂಬಕ್ಕ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಮಾಸ್ತರರು ಗೊಣಗುತ್ತಾ ತಮ್ಮ ಕುರ್ಚಿಯನ್ನೂ ಎಳೆದುಕೊಂಡು ಬಂದು ಅವಳ ಎಡಗಡೆ ಕೂತರು. ಕೋಟನ್ನು ಅವಳ ಮೇಲೆ ಹೊದಿಸಿ, ಗುಂಡುಸೂಜಿ ತುಟಿಯಲ್ಲಿ ಕಚ್ಚಿ, ಎರಡು ಬೆರಳಿನಿಂದ ಭುಜದ ಇಳಿಜಾರನ್ನು ತಡವಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಅಲ್ಲಿ ಬೆರಳು ನಿಲ್ಲಿಸಿದರು.

"ಅರ್ಧ ಉಸಿರು" ಎಂದರು, ಸೂಜಿಗಳ ನಡುವಿನಿಂದ.

ಅವಳು ಹಿಡಿದಳು. ಭುಜಕ್ಕೆ ಉಸಿರು ಹಿಡಿಯುವ ಅಗತ್ಯವೇ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮೊದಲ ಸೂಜಿ ಹೋಯಿತು, ಎರಡನೆಯದು ಹೋಯಿತು. ನಡುಗುವ ಕೈ ಬಟ್ಟೆ ಮುಟ್ಟಿದೊಡನೆ ಹೇಗೆ ಸುಮ್ಮನಾಗುತ್ತದೋ ಅವಳಿಗೆ ಎಂದೂ ಅರ್ಥವಾಗಿರಲಿಲ್ಲ. ಮೂರನೆಯದು ಮಾತ್ರ ಚುಕ್ಕೆಯಷ್ಟು ಚುಚ್ಚಿತು.

"ಚುಚ್ತಾ?"

"ಇಲ್ಲ."

"ಸುಳ್ಳು ಹೇಳಬೇಡ. ಇವತ್ತು ಆಗಲೇ ಒಂದು ಹೇಳಿದೀಯ" ಎಂದರು ಮಾಸ್ತರರು. ಅವರ ಕಣ್ಣು ಒದ್ದೆಯಾಗಿತ್ತೋ, ಎರಡು ಕನ್ನಡಕದ ಹಿಂದೆ ಹಾಗೆ ಕಂಡಿತೋ. "ಬಿಡು ಈಗ."

ಅವಳು ಉಸಿರು ಬಿಟ್ಟಳು. ಬಾಗಿಲ ಆಚೆ ಇನ್ನೂ ಹದಿನಾಲ್ಕು ಪೆಟ್ಟಿಗೆಗಳು ಬಾಕಿ ಇದ್ದವು. ಮೇಡಂ ಪೆನ್ಸಿಲು ಹಿಡಿದು ಹೊಸ್ತಿಲಲ್ಲಿ ಕಾಯುತ್ತಿದ್ದರು, ಎಬ್ಬಿಸಲು ಸಂಕೋಚಪಡುತ್ತಾ.

"ಪೆಟ್ಟಿಗೇನ ಇಲ್ಲಿಗೇ ತನ್ನಿ ಮೇಡಂ" ಎಂದಳು ಕಂಬಕ್ಕ. "ನಾನು ಏಳಲ್ಲ."